ಗಾಲಿಯ ಕೆಳಗೆ ನಿಂಬೆಹಣ್ಣು

ಕೊಕ್ಕೆ ಜಾರಲಿಲ್ಲ. ಬ್ರೇಕು ಕೈಕೊಡಲಿಲ್ಲ. ಡ್ರೈವರ್ ಚಂದ್ರಶಾ ಕುಡಿದಿರಲಿಲ್ಲ. ಹೊಳೆಯವ್ವ ಮುನಿದಿರಲಿಲ್ಲ. ಇಳಿಜಾರಿನಲ್ಲಿ ನಿಂತಿದ್ದ ಗಾಡಿಯ ಗಾಲಿಗೆ ಕೊಟ್ಟಿದ್ದ ಎರಡು ಕಲ್ಲು ತೆಗೆದು ಆ ಜಾಗದಲ್ಲಿ ಎರಡು ನಿಂಬೆಹಣ್ಣು ಇಟ್ಟರು. ಗಾಡಿ ಉರುಳಿತು. ಆದದ್ದು ಇಷ್ಟೇ. ಊರಲ್ಲಿ ಬೇರೆ ಬೇರೆ ಥರ ಹೇಳುತ್ತಾರೆ, ಹೇಳಿಕೊಳ್ಳಲಿ. ನಾನು ಅಲ್ಲೇ ನಿಂತಿದ್ದೆ.

ಈಗ ಹೊಸದಾಗಿ ದೋಣಿ ಘಾಟಿನ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೆಯ ಇಯತ್ತೆ, ಅಕ್ಷರ ಸೊಟ್ಟ ಇದ್ದರೆ ಸಹಿಸಿಕೊಳ್ಳಿ. ಹುಟ್ಟಿದ್ದು ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದಲ್ಲಿ. ಮದುವೆಯಾಗುವ ತನಕ ಬಾವಿಯ ನೀರು ಬಿಟ್ಟು ಬೇರೆ ನೀರು ಕಂಡವಳಲ್ಲ. ಮದುವೆಯಾಗಿ ಬಂದದ್ದು ಭೀಮಾ ನದಿಯ ದಂಡೆಗೆ. ಈ ದಂಡೆ ಅಫಜಲಪುರ ತಾಲೂಕು, ಎದುರಿನ ದಂಡೆ ಜೇವರ್ಗಿ ತಾಲೂಕು. ಸೇತುವೆಯ ಮೇಲೆ ಹೋಗಬೇಕೆಂದರೆ ಅರ್ಧ ದಿನದ ಸುತ್ತು. ಹಾಗಾಗಿ ದೋಣಿ. ಗಂಡ ಹುಟ್ಟು ಹಾಕುತ್ತಿದ್ದ, ನಾನು ಹಗ್ಗ ಹಿಡಿಯುತ್ತಿದ್ದೆ. ಅವನ ಕಣ್ಣು ಮಂಜಾದ ಮೇಲೆ ಹುಟ್ಟೂ ನನ್ನ ಕೈಗೇ ಬಂತು. ಮೊಣಕಾಲು ಸವೆದು ಹೋಗುವ ತನಕ ಮಾಡಿದೆ. ಆಮೇಲೆ ನನ್ನ ತಂಗಿಯ ಮಗಳು ಕಸ್ತೂರಿ ಹಿಡಿದಳು. ನಾನು ದಂಡೆಯ ಮೇಲೆ ಕೂತು ಅವಳಿಗೆ ಬೈಯುವ ಕೆಲಸ ಇಟ್ಟುಕೊಂಡೆ.

ದೋಣಿ ಕೆಲಸ ಎಂದರೆ ನೀರಿನ ಮೇಲಿನ ಕೆಲಸ ಎಂದುಕೊಂಡು ಬರುತ್ತೀರಿ. ಅಲ್ಲ. ನೀರಿನ ಮೇಲೆ ದೋಣಿ ತನ್ನ ಪಾಡಿಗೆ ತಾನು ಇರುತ್ತದೆ. ಅದನ್ನು ನೀರಿಗೆ ಇಳಿಸುವುದು, ನೀರಿನಿಂದ ಎಳೆಯುವುದು, ಇದೇ ಕೆಲಸ. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಹೊಳೆ ನೋಡನೋಡುತ್ತ ದಂಡೆ ಹತ್ತುತ್ತದೆ. ಆಗ ದೋಣಿಯನ್ನು ಎಳೆದು ಊರ ಮೇಲಿನ ಬಯಲಿಗೆ ಒಯ್ಯಬೇಕು. ಬೇಸಿಗೆಯಲ್ಲಿ ಈ ಘಾಟಿನಲ್ಲಿ ಮರಳು ಎದ್ದರೆ ಕೆಳಗಿನ ಮಡುವಿಗೆ ಸಾಗಿಸಬೇಕು. ನಾನು ಕಂಡ ಅನಾಹುತಗಳೆಲ್ಲ ದಂಡೆಯ ಮೇಲೇ ಆಗಿವೆ.

ಹರಗೋಲು ಇದ್ದಾಗ ಈ ತಾಪತ್ರಯ ಇರಲಿಲ್ಲ. ಗಂಡ ಅದನ್ನು ಬೋರಲು ಹಾಕಿ ತಲೆಯ ಮೇಲೆ ಹೊತ್ತು ನಡೆದುಬಿಡುತ್ತಿದ್ದ. ಹಿಂದಿನಿಂದ ನೋಡಿದರೆ ಎರಡು ಕಾಲಿನ ಆಮೆ. ಆಮೇಲೆ ಕಟ್ಟಿಗೆಯ ದೋಣಿ ಬಂತು, ಅದನ್ನು ಎತ್ತಿನ ಬಂಡಿಗೆ ಕಟ್ಟಿ ಎಳೆಯುತ್ತಿದ್ದೆವು. ಒಮ್ಮೆ ಎತ್ತುಗಳು ನೀರು ಕುಡಿಯುವ ಆಸೆಗೆ ಬಂಡಿ, ದೋಣಿ, ನನ್ನ ಗಂಡ ಮೂರನ್ನೂ ಹೊಳೆಗೆ ಒಯ್ದು ನಿಲ್ಲಿಸಿದವು. ಆ ದಿನ ನಕ್ಕೆವು. ನಗುವಂಥ ಅನಾಹುತ ಅದೇ ಕೊನೆ.

ಮುಂದೆ ಬಂದದ್ದು ಪಾಂಟೂನ್ ದೋಣಿ. ಊರವರು ಅದಕ್ಕೆ ಪೀಪಾಯಿ ದೋಣಿ ಎನ್ನುತ್ತಾರೆ. ಎರಡು ಉದ್ದನೆಯ ಮುಚ್ಚಿದ ತಗಡಿನ ಕೊಳವೆ, ಅವುಗಳ ಮೇಲೆ ಸಪಾಟು ಅಟ್ಟ, ಸುತ್ತ ಕಟಕಟೆ. ನಡುವೆ, ಅಟ್ಟದ ಕೆಳಗೆ, ಒಂದು ಆಳು ಹಿಡಿಸುವಷ್ಟು ಖಾಲಿ. ಆ ಖಾಲಿ ಜಾಗ ನೆನಪಿಟ್ಟುಕೊಳ್ಳಿ. ಇದು ಮೊದಲು ಆಳಂದ ಕಡೆಯ ಒಂದು ಕೆರೆಯಲ್ಲಿತ್ತು. ಅಲ್ಲಿ ಕೆಲಸವಿಲ್ಲದೆ ಬಿದ್ದಿದ್ದನ್ನು ನಮ್ಮ ಘಾಟಿಗೆ ಕೊಟ್ಟರು. ತರುವುದು ಹೇಗೆ?

ನಮ್ಮ ಊರಲ್ಲಿ ಗುರುಶಾಂತಗೌಡರು ಎಂದು ಇದ್ದಾರೆ, ದೊಡ್ಡ ಕಬ್ಬಿನ ಹೊಲದವರು. ಕೇಳುವುದಕ್ಕೆ ಮೊದಲೇ ತಮ್ಮ ಕಬ್ಬಿನ ಟ್ರಾಲಿ ತಂದು ನಿಲ್ಲಿಸಿದರು. ಟ್ರ್ಯಾಕ್ಟರ್ ಹೊಡೆಯುವವನು ಚಂದ್ರಶಾ. ಘಾಟಿನ ಎಳೆತ ಜಗ್ಗಾಟ ಎಲ್ಲ ಮೊದಲಿನಿಂದ ಅವನದೇ.

"ಗೌಡ್ರ, ಇದು ಎತ್ತರ ಆತೈತ್ರಿ. ನೀರಾಗ ಇಳಸೂದು ತ್ರಾಸ," ಎಂದ ಚಂದ್ರಶಾ.

"ಏ, ಸುಮ್ನಿರಲೇ. ಹವಳಗಾ ಸಕ್ಕರಿ ಫ್ಯಾಕ್ಟರಿಗಿ ದಿನಾ ಎಷ್ಟ ಟ್ರಾಲಿ ಹೋಗ್ತಾವ, ನೋಡಿಯಿಲ್ಲ? ಅಷ್ಟು ಕಬ್ಬು ಹೊರೂ ಗಾಡಿ ಈ ಖಾಲಿ ಡಬ್ಬಿ ಹೊರಂಗಿಲ್ಲೇನು?"

"ಹೊರತದ್ರಿ. ಆದ್ರ ಕಬ್ಬು ಯಾರೂ ಹೊಳ್ಯಾಗ ಇಳಸಂಗಿಲ್ಲಲ್ರಿ."

"ನಿನ್ನ ನಾಲಿಗಿಗೊಂದು ಬ್ರೇಕ್ ಹಾಕಸೋ ಮೊದಲ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಮ್ಮ ಭಾಗದಲ್ಲಿ ಏನನ್ನೇ ಸಾಗಿಸಬೇಕಾದರೂ ಕಬ್ಬಿನ ಟ್ರಾಲಿ: ಮದುವೆಯ ದಿಬ್ಬಣ, ಗುಡಿಗೆ ಕಲ್ಲು, ಸಭೆಗೆ ಜನ. ಬೇರೆ ಗಾಡಿ ಬೇಕಾದೀತು ಎಂದು ಯಾರ ತಲೆಗೂ ಹೊಳೆಯುವುದಿಲ್ಲ.

ದಾರಿಯುದ್ದಕ್ಕೂ ಕರೆಂಟಿನ ತಂತಿಯನ್ನು ಬಿದಿರಿನ ಕೋಲಿನಿಂದ ಎತ್ತಿ ಹಿಡಿಯುತ್ತ ಬಂದರು. ಟ್ರಾಲಿಯ ಬದಿಯ ಕಬ್ಬಿಣದ ಗೂಟ ಒಂದು ಕೊಳವೆಗೆ ನಾಟಿ ತೂತಾಯಿತು, ಆಮೇಲೆ ಅದಕ್ಕೆ ತೇಪೆ ಹಾಕಿಸಬೇಕಾಯಿತು. ಘಾಟಿಗೆ ಬಂದು ಟ್ರಾಲಿಯನ್ನು ಹಿಂದೆ ಹಿಂದೆ ನೀರಿಗೆ ಒಯ್ದರು. ಟ್ರಾಲಿಯ ಹಲಗೆ ಎದೆಯೆತ್ತರ. ದೋಣಿ ತೇಲಬೇಕೆಂದರೆ ನೀರು ಅದಕ್ಕಿಂತ ಮೇಲೆ ಬರಬೇಕು. ಅಷ್ಟರಲ್ಲಿ ಟ್ರ್ಯಾಕ್ಟರೂ ನೀರಿನಲ್ಲಿ. ಎಂಜಿನ್ನಿನ ಫ್ಯಾನು ನೀರು ಎರಚತೊಡಗಿತು, ಗಡಗಡ ಎಂದು ನಿಂತುಹೋಯಿತು. ದೋಣಿ ಮಾತ್ರ ಅಲುಗಲಿಲ್ಲ. ಕೊನೆಗೆ ಊರಿನ ಗಂಡಸರೆಲ್ಲ ಸೇರಿ ಹೆಣ ಎತ್ತಿದಂತೆ ಎತ್ತಿ ಇಳಿಸಿದರು. ಗೌಡರು ಅಂದು ಊಟ ಮಾಡದೆ ಮನೆಗೆ ಹೋದರು.

ಎರಡನೆಯದು ಘಾಟಿನ ಉಸ್ತುವಾರಿಯ ಎಂಜಿನಿಯರ್ ಸಾಹೇಬರ ತಪ್ಪು. ಸಾಹೇಬರು ಸಣ್ಣ ವಯಸ್ಸಿನವರು, ಬೂಟು ಬಿಚ್ಚಿ ಕೆಸರಿಗೆ ಇಳಿಯುವವರು, ನನಗೆ ಅವರ ಮೇಲೆ ಕೋಪವಿಲ್ಲ. ಎಲ್ಲಿಂದಲೋ ಒಂದು ಸಪೂರ ಟ್ರೇಲರ್ ಕೇಳಿ ತಂದರು. ಅದು ಎರಡು ಕೊಳವೆಗಳ ನಡುವೆ ತೂರಿ ಅಟ್ಟವನ್ನು ಕೆಳಗಿನಿಂದ ಎತ್ತಿ ಹಿಡಿಯುತ್ತದೆ. ನೋಡಲು ಜಾಣ ಗಾಡಿ. ಆದರೆ ಗಾಲಿಗಳು ಒಂದಕ್ಕೊಂದು ಹತ್ತಿರ, ಮೇಲಿನ ದೋಣಿ ಅಗಲ. ನಮ್ಮ ಎರೆಮಣ್ಣಿನ ದಾರಿಯಲ್ಲಿ ಒಂದು ಗಾಲಿ ಬಂಡಿಯ ಜಾಡಿಗೆ ಇಳಿದದ್ದೇ ತಡ, ದೋಣಿ ವಾಲಿ ವಾಲಿ ಹೋಗಿ ಒಂದು ಬೇವಿನ ಮರಕ್ಕೆ ಒರಗಿ ನಿಂತಿತು. ಆ ಮರ ಇಲ್ಲದಿದ್ದರೆ ಅದರ ಪಕ್ಕದಲ್ಲಿ ನಡೆಯುತ್ತಿದ್ದ ಕಸ್ತೂರಿ ಅಂದೇ ಹೋಗುತ್ತಿದ್ದಳು.

ಸಾಹೇಬರು ಬಗ್ಗಿ ಬಂಡಿಯ ಜಾಡಿನ ಆಳ ಅಳೆದು ನೋಡಿದರು. "ಡಾಂಬರು ರಸ್ತೆಗೆ ಇದು ಸರಿ ಇತ್ತು ಆಯಿ. ನಿಮ್ಮ ದಾರಿ ನೋಡದೆ ಆರಿಸಿದೆ," ಎಂದರು. ಊರಿಗೆಲ್ಲ ನಾನು ಆಯಿ.

"ಹೋಗ್ಲಿ ಬಿಡ್ರಿ ಸಾಹೇಬ. ಮರಕ್ಕ ಒಂದು ಶಾಲು ಹೊಚ್ಚರಿ," ಎಂದಳು ಕಸ್ತೂರಿ.

ಮೂರನೆಯ ಗಾಡಿಯನ್ನು ಗೊಬ್ಬೂರಿನಲ್ಲಿ ಬೆಸುಗೆ ಹಾಕಿಸಿದರು. ಟ್ರೇಲರ್ ಆರಿಸುವವರು ನೀವಾದರೆ ಇಲ್ಲಿ ಕಿವಿ ಕೊಡಿ. ಗಾಡಿ ತಗ್ಗು ಇರಬೇಕು, ಮೊಣಕಾಲಿನ ಮಟ್ಟ. ಗಾಲಿ ಮುಳುಗುವಷ್ಟು ನೀರಿಗೆ ದೋಣಿ ತಾನಾಗಿ ಏಳಬೇಕು. ಗಾಲಿಗಳು ದೋಣಿಯ ಅಗಲಕ್ಕೆ ದೂರ ದೂರ ಇರಬೇಕು. ಒಂದೊಂದು ಕೊಳವೆಯ ಕೆಳಗೂ ಉದ್ದಕ್ಕೆ ಒಂದು ತೊಲೆ, ತೊಲೆಗೆ ರಬ್ಬರ್ ಪಟ್ಟಿ, ತಗಡು ಉಜ್ಜಬಾರದು. ಮೂತಿಯ ಕಡೆ ಕೈಯಿಂದ ತಿರುಗಿಸುವ ರಾಟೆ, ಅದರ ಪಟ್ಟೆ ದೋಣಿಯ ಮೂಗಿಗೆ. ಟ್ರ್ಯಾಕ್ಟರಿಗೆ ಕೊಕ್ಕೆ ಹಾಕುವ ಮೂಕಿ ಉದ್ದವಿರಬೇಕು, ಗಾಡಿ ನೀರಿನಲ್ಲಿದ್ದರೂ ಟ್ರ್ಯಾಕ್ಟರ್ ಒಣ ನೆಲದಲ್ಲಿ ನಿಲ್ಲಬೇಕು. ಸಾಹೇಬರು ಇನ್ನೊಂದು ಹೇಳಿದರು: ದೂರದಿಂದ ಓಡಿ ಬಂದ ಗಾಲಿಯ ನಡುವಿನ ಗುಂಭ ಕಾದಿರುತ್ತದೆ, ತಕ್ಷಣ ನೀರಿಗೆ ಇಳಿಸಿದರೆ ಒಳಗೆ ನೀರು ಎಳೆದುಕೊಂಡು ಬೇರಿಂಗ್ ಕೆಡುತ್ತದೆ, ಆರುವ ತನಕ ಕಾಯಬೇಕು. ಜನ ಗೊಣಗಿದರು. ನಾನು ಗುಂಭದ ಮೇಲೆ ಕೈ ಇಟ್ಟು ನೋಡಿದೆ, ರೊಟ್ಟಿಯ ಹಂಚಿನಂತೆ ಸುಟ್ಟಿತು. ಕಾಯ್ದೆವು.

ಇಷ್ಟು ಒಳ್ಳೆಯ ಗಾಡಿ. ಕೆಟ್ಟ ಗಾಡಿಯಲ್ಲಿ ಯಾರೂ ಸಾಯಲಿಲ್ಲ. ಸಾಯುವ ಹೊತ್ತು ಬಂದದ್ದು ಒಳ್ಳೆಯ ಗಾಡಿಯಲ್ಲಿ.

ನಮ್ಮ ಘಾಟಿನ ಕಾಂಕ್ರೀಟಿನ ಇಳಿಜಾರಿನ ಕೆಳಭಾಗದಲ್ಲಿ ರಾಡಿ ಕೂತು ಜಾರುತ್ತದೆ. ಟ್ರ್ಯಾಕ್ಟರ್ ಅಲ್ಲಿಗೆ ಇಳಿದರೆ ಮೇಲೆ ಬರುವುದಿಲ್ಲ. ಹಾಗಾಗಿ ಮೂಕಿ ಉದ್ದವಿದ್ದರೂ ಸಾಲದು, ಹೊಸ ಗಾಡಿಗೆ ನಾವು ಗೊತ್ತು ಮಾಡಿಕೊಂಡ ಕ್ರಮ ಇದು. ಗಾಡಿಯನ್ನು ಅರ್ಧ ಇಳಿಜಾರಿನ ತನಕ ಟ್ರ್ಯಾಕ್ಟರಿನಿಂದ ಹಿಂದೆ ತಳ್ಳುವುದು. ಗಾಲಿಗಳ ಕೆಳಬದಿಗೆ ಎರಡು ದೊಡ್ಡ ಕಲ್ಲು ಕೊಡುವುದು. ಕೊಕ್ಕೆ ಬಿಚ್ಚಿ, ಟ್ರ್ಯಾಕ್ಟರನ್ನು ಮೇಲಿನ ಒಣ ಜಾಗಕ್ಕೆ ಒಯ್ದು, ಅಲ್ಲಿಂದ ಉಕ್ಕಿನ ಹಗ್ಗ ತಂದು ಗಾಡಿಗೆ ಬಿಗಿಯುವುದು. ಹಗ್ಗ ಬಿಗಿಯಾದ ಮೇಲೆ ಕಲ್ಲು ತೆಗೆದು ಮೆಲ್ಲಗೆ ಬಿಡುವುದು. ಕೊಕ್ಕೆ ಬಿಟ್ಟು ಹಗ್ಗ ಬರುವ ತನಕ ಅಷ್ಟು ದೊಡ್ಡ ದೋಣಿಯನ್ನು ಹಿಡಿದಿರುವುದು ಆ ಎರಡು ಕಲ್ಲು ಮಾತ್ರ. ಬೇರೆ ಯಾರೂ ಇಲ್ಲ, ಏನೂ ಇಲ್ಲ.

ಆ ಹೊತ್ತಿನಲ್ಲಿ ಒಬ್ಬರು ನೀರಿನಲ್ಲಿ ಇರಲೇಬೇಕು. ಕಾಂಕ್ರೀಟು ಎಲ್ಲಿ ಮುಗಿಯುತ್ತದೆ ಎಂದು ಕೋಲಿನಿಂದ ಮುಟ್ಟಿ ನೋಡಿ, ಅಲ್ಲಿ ಗುರುತಿಗೆ ಬಿದಿರು ನೆಡಬೇಕು. ಇಲ್ಲದಿದ್ದರೆ ಗಾಲಿ ತುದಿ ದಾಟಿ ಕೆಳಗೆ ಬೀಳುತ್ತದೆ. ಅಂದು ನೀರಿನಲ್ಲಿ ಇದ್ದವಳು ಕಸ್ತೂರಿ, ಸೊಂಟದ ಮಟ್ಟ, ಗಾಡಿಗೆ ಬೆನ್ನು ಮಾಡಿ.

ಹೊಸ ಗಾಡಿ ಎಂದ ಮೇಲೆ ಪೂಜೆ ಆಗಬೇಕು. ಮೇಲಿನ ಸಪಾಟು ಜಾಗದಲ್ಲೇ ಮಾಡುವುದೆಂದು ಮಾತಾಗಿತ್ತು. ಕಾಯಿ ಒಡೆಯಲು ಗೌಡರನ್ನೇ ಕರೆದಿದ್ದೆವು, ಮೊದಲ ಸಲದ ಮೇಲೆ ಅವರ ಟ್ರಾಲಿ ಬೇಡ ಎಂದದ್ದಕ್ಕೆ ಮುನಿಸಿಕೊಂಡಿದ್ದರು. ಅವರು ಬರಲಿಲ್ಲ, ಬರಲಿಲ್ಲ. ಹೊಳೆ ಏರುವ ಸುದ್ದಿ ಇತ್ತು, ಅಷ್ಟರೊಳಗೆ ದಾಟಬೇಕೆಂದು ಆ ದಂಡೆಯಲ್ಲಿ ಜನ ಕಾಯುತ್ತಿದ್ದರು. ಸಾಕೆಂದು ಚಂದ್ರಶಾ ಗಾಡಿ ಇಳಿಸಿದ, ಕಲ್ಲು ಕೊಟ್ಟ, ಎರಡೂ ಕಲ್ಲಿಗೆ ಕಾಲಿನಿಂದ ಒದ್ದು ನೋಡಿದ, ಕೊಕ್ಕೆ ಬಿಚ್ಚಿ ಟ್ರ್ಯಾಕ್ಟರ್ ಮೇಲೆ ಒಯ್ದ. ಆಗ ಬಂದರು ಗೌಡರು, ಹಿಂದೆ ಹಲಗೆ ವಾದ್ಯ ಬಡಿಯುವವರು, ಹಾರ, ಕಾಯಿ, ಬುಟ್ಟಿ.

"ಏನಲೇ ಇದು? ನಿಂಬಿಹಣ್ಣು ತುಳಸಲಾರ್ದ ಗಾಡಿ ನೀರಿಗಿ ಇಳಸಾಕತ್ತೀರಿ?"

"ಮ್ಯಾಲ ಎಳದ ಮ್ಯಾಲ ಮಾಡೂಣ್ರಿ ಗೌಡ್ರ," ಎಂದೆ ನಾನು.

"ನೀರು ಮುಟ್ಟಿದ ಮ್ಯಾಲ ಎಂಥಾ ಪೂಜಿ ಆಯಿ? ನಿಮಗ ಬರ್ತಾ ಬರ್ತಾ ಅರಳು ಮರಳು ಆಗೇದ."

ಕಾಯಿ ಒಡೆದರು. ಹಾರ ಹಾಕಿದರು. ಹಲಗೆ ಜೋರಾಯಿತು. ನಾನು ಉಕ್ಕಿನ ಹಗ್ಗದ ತುದಿ ಹಿಡಿದುಕೊಂಡು ಬರಲು ಮೇಲೆ ಹೊರಟೆ. ತಿರುಗಿ ನೋಡುವಷ್ಟರಲ್ಲಿ ಗೌಡರು ಬಗ್ಗಿ ಗಾಲಿಯ ಬುಡ ನೋಡುತ್ತಿದ್ದರು. ನಿಂಬೆಹಣ್ಣು ಇಡಬೇಕಾದ ಜಾಗದಲ್ಲಿ ಕಲ್ಲು ಇತ್ತು.

"ಕಲ್ಲು ಸರಸ್ರಿ," ಎಂದರು. ಇಬ್ಬರು ಸರಿಸಿದರು. ಕಲ್ಲನ್ನು ಗೌರವದಿಂದ ಪಕ್ಕಕ್ಕೆ ಇಟ್ಟರು. ಗೌಡರು ಎರಡು ಗಾಲಿಗೂ ನಿಂಬೆಹಣ್ಣು ಇಟ್ಟು ಕೈ ಮುಗಿದರು.

"ಕಲ್ಲು!" ಎಂದು ಚೀರಿದೆ. ಹಲಗೆಯ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ.

ಗಾಲಿ ಕಾಂಕ್ರೀಟಿನ ಯಾವ ತಗ್ಗಿಗೆ ಕೂತಿತ್ತೋ, ಗಾಡಿ ಒಂದು ಗಳಿಗೆ ಹಾಗೇ ನಿಂತಿತ್ತು. ಅದೇ ನನಗೆ ಮರೆಯಲಾಗದ್ದು. ನಿಂತಿತು, ಎಲ್ಲರೂ ಚಪ್ಪಾಳೆ ತಟ್ಟಿದರು, ಆಮೇಲೆ ಹಣ್ಣು ಚಪ್ಪಟೆಯಾದವು, ಗಾಡಿ ಹೊರಟಿತು. ಸದ್ದೇ ಇಲ್ಲದೆ ಹೊರಟಿತು. ಬೇರಿಂಗಿಗೆ ಹೊಸ ಗ್ರೀಸು.

ಕಸ್ತೂರಿ ತಿರುಗಿದಳು. ಅವಳ ಮುಖ ನೋಡಿದೆ. ಮುಂದೆ ನೀರು ಎದ್ದಿತು, ಅವಳು ಕಾಣಲಿಲ್ಲ. ಗಾಲಿಗಳು ಕಾಂಕ್ರೀಟಿನ ತುದಿ ದಾಟಿ ಧಡಕ್ಕನೆ ಕೆಳಗೆ ಬಿದ್ದವು, ಮೂಕಿ ಆಕಾಶಕ್ಕೆ ಎದ್ದಿತು. ದೋಣಿ ಮೂಗಿನ ಪಟ್ಟೆಗೆ ಜೋತುಕೊಂಡು ತೇಲಿ ನಿಂತಿತು, ಹಾರ ಹಾಕಿಕೊಂಡು. ಹಲಗೆಯ ಸದ್ದು ನಿಂತಿತು. ಬಿದಿರು ಒಂದೇ ತೇಲಿಕೊಂಡು ಹೋಗುತ್ತಿತ್ತು.

ಚಂದ್ರಶಾ ಮೇಲಿನಿಂದ ಓಡಿ ಬಂದವನು ಅಂಗಿ ಸಮೇತ ನೀರಿಗೆ ಬಿದ್ದ. ಒಮ್ಮೆ ಮುಳುಗಿ ಎದ್ದ, ಕೈ ಖಾಲಿ. ಮತ್ತೆ ಮುಳುಗಿದ, ಖಾಲಿ. ಜನ ಗುಂಪಾಗಿ ನಿಂತು ನೋಡುತ್ತಿದ್ದರು. ಒಬ್ಬನೂ ಚಪ್ಪಲಿ ಬಿಡಲಿಲ್ಲ.

ಆಗ ದೋಣಿಯ ಅಟ್ಟದ ಕೆಳಗಿನಿಂದ ಸದ್ದು ಬಂತು. ಟಕ್ ಟಕ್ ಟಕ್. ಬಾಗಿಲು ಬಡಿದ ಹಾಗೆ.

ಎರಡು ಕೊಳವೆಗಳ ನಡುವಿನ ಆ ಖಾಲಿ ಜಾಗ ಹೇಳಿದೆನಲ್ಲ, ಅದರಲ್ಲಿ ಅವಳು ಮೇಲೆ ಬಂದಿದ್ದಳು. ಗಾಡಿಯ ಹಿಂದಿನ ಅಡ್ಡಪಟ್ಟಿ ಮೊಣಕಾಲ ಕೆಳಗೆ ಎಲುಬು ಮುರಿದು ಹಾಕಿತ್ತು, ತಲೆಗೆ ಪೆಟ್ಟಿರಲಿಲ್ಲ. ಅಟ್ಟಕ್ಕೂ ನೀರಿಗೂ ನಡುವೆ ಒಂದು ಗೇಣು ಗಾಳಿ, ಆ ಗಾಳಿಯಲ್ಲಿ ಮೂಗು ಇಟ್ಟುಕೊಂಡು ಅಟ್ಟ ಬಡಿಯುತ್ತಿದ್ದಳು. ಚಂದ್ರಶಾ ಕೆಳಗಿನಿಂದ ಹೋಗಿ ಎಳೆದು ತಂದ. ದಂಡೆಯ ಮೇಲೆ ಮಲಗಿಸಿದಾಗ ಅವಳು ಕೇಳಿದ್ದು ಒಂದೇ: "ಕಲ್ಲು ಕೊಟ್ಟಿದ್ದಿಲ್ಲೇನು ಕಾಕಾ?"

"ಕೊಟ್ಟಿದ್ದೆ ತಾಯಿ," ಎಂದು ಚಂದ್ರಶಾ ಅಳಲು ಹತ್ತಿದ.

ಜೀಪಿನಲ್ಲಿ ಅವಳನ್ನು ಅಫಜಲಪುರದ ದವಾಖಾನೆಗೆ ಒಯ್ದರು. ನಾನು ಜೊತೆಗೆ ಹೋಗಿ ಕಾಲು ಕಟ್ಟಿಸಿ, ಅವಳ ತಾಯಿಯನ್ನು ಅಲ್ಲಿ ಕೂರಿಸಿ, ಹೊತ್ತು ಮುಳುಗುವ ಮೊದಲು ಊರಿಗೆ ಬಂದೆ. ಬರುವಷ್ಟರಲ್ಲಿ ಊರಲ್ಲಿ ಬೇರೆ ಕಥೆ ತಯಾರಾಗಿತ್ತು. ಅದನ್ನು ಕೇಳಿ ಆದ ಗಾಬರಿ ಗಾಡಿ ಉರುಳಿದಾಗಲೂ ಆಗಿರಲಿಲ್ಲ.

ಕೊಕ್ಕೆ ಕಳಚಿತಂತೆ. ಚಂದ್ರಶಾ ಸರಿಯಾಗಿ ಹಾಕಿರಲಿಲ್ಲವಂತೆ. ಮರುದಿನ ಮುಂಜಾನೆ ಸಾಹೇಬರು ಬರುವವರಿದ್ದರು, ಅವರಿಗೆ ಹೀಗೇ ಹೇಳಿ ಚಂದ್ರಶಾನನ್ನು ಘಾಟಿನಿಂದ ತೆಗೆಯಬೇಕೆಂದು ಊರ ಕಟ್ಟೆಯ ಮೇಲೆ ತೀರ್ಮಾನವಾಗಿತ್ತು. ಹೆಣ್ಣುಮಗಳ ಮೇಲೆ ಗಾಡಿ ಬಿಟ್ಟವನು ಎಂದು ಹೆಸರು ಬಿದ್ದರೆ ಆ ಮನುಷ್ಯನ ಕೈಗೆ ಮುಂದೆ ಯಾರೂ ಸ್ಟೇರಿಂಗ್ ಕೊಡುವುದಿಲ್ಲ. ಅವನಿಗೆ ಬೇರೆ ಕೆಲಸ ಬರುವುದಿಲ್ಲ.

ಪಕ್ಕದ ಮನೆಯ ಲಕ್ಷ್ಮೀಬಾಯಿ ಬಂದಳು. ಅವಳೂ ಘಾಟಿನಲ್ಲಿದ್ದಳು, ಆರತಿ ತಟ್ಟೆ ಅವಳ ಕೈಯಲ್ಲೇ ಇತ್ತು.

"ಕಲ್ಲು ತೆಗೆದದ್ದು ನೀ ನೋಡ್ಲಿಲ್ಲೇನಬೇ?" ಎಂದೆ.

"ನಾ ಕಣ್ಣು ಮುಚ್ಚಿ ಕೈ ಮುಗಿಯಾಕತ್ತಿದ್ದೆ ಆಯಿ. ಒಂದ ಹೇಳ್ತೇನಿ, ಸಿಟ್ಟಾಗಬ್ಯಾಡ. ಆ ನಿಂಬಿಹಣ್ಣು ತುಳದದ್ದಕ್ಕ ಕಸ್ತೂರಿ ಜೀವ ಉಳೀತು."

ಅವಳು ಅದನ್ನು ಮನಸಾರೆ ನಂಬಿದ್ದಳು. ಕಣ್ಣಲ್ಲಿ ನೀರು ಬೇರೆ.

ಆಮೇಲೆ ಗೌಡರೇ ಬಂದರು, ಕಲ್ಲು ಸರಿಸಿದ ಇಬ್ಬರ ಜೊತೆ. ಗೌಡರ ಮುಖ ಬೂದಿಯಾಗಿತ್ತು. ಅವರೇನು ಕೊಲ್ಲುವ ಮನುಷ್ಯ ಅಲ್ಲ, ಅದೂ ಬರೆದಿಡುತ್ತೇನೆ. ದವಾಖಾನೆಗೆ ಜೀಪು ಕೊಟ್ಟವರು ಅವರೇ.

"ಆಯಿ, ನಾಳೆ ಸಾಹೇಬ ಕೇಳ್ತಾನ. ಕೊಕ್ಕಿ ಬಿಟ್ಟಿತು ಅಂದ್ರ ಮುಗದ ಹೋಗ್ತದ. ಪೂಜಿ ಮಾತು ಯಾಕ ಎಳೀತಿ?"

"ಕೊಕ್ಕಿ ಬಿಟ್ಟಿದ್ದಿಲ್ಲಲ್ರಿ. ಚಂದ್ರಶಾನ ಬಿಚ್ಚಿದ್ದ. ಕಲ್ಲು ಹಿಡದಿತ್ತು."

"ಕಲ್ಲು ನಾವ್ಯಾರೂ ನೋಡಿಲ್ಲ."

"ನೀವ ಸರಸ್ರಿ ಅಂದ್ರಿ."

"ಆಯಿ, ದೇವರ ಕೆಲಸದಾಗ ಇಟ್ಟ ಹಣ್ಣಿನಿಂದ ಕೆಟ್ಟದ್ದಾತು ಅಂತ ನಾ ಹೆಂಗ ಒಪ್ಪಲಿ?" ಎಂದರು ಗೌಡರು. ಸುಳ್ಳು ಹೇಳುತ್ತಿದ್ದೇನೆ ಎಂದು ಅವರಿಗೆ ಅನ್ನಿಸಿರಲೇ ಇಲ್ಲ.

ಅವರು ಹೋದ ಮೇಲೆ ಚಂದ್ರಶಾ ಬಂದ. ಹೊಸ್ತಿಲ ಹೊರಗೆ ಕೂತ. "ನಾನ ಕೊಕ್ಕಿ ಬಿಚ್ಚಬಾರದಿತ್ತೇನೋ ಆಯಿ," ಎಂದ. ಇಷ್ಟು ಹೊತ್ತಿನಲ್ಲಿ ಅವನಿಗೇ ಅನುಮಾನ ಹತ್ತಿಸಿಬಿಟ್ಟಿದ್ದರು.

"ಎದ್ದು ಮನೀಗಿ ಹೋಗಲೇ. ಮುಂಜಾನೆ ಟ್ರ್ಯಾಕ್ಟರ್ ತಗೊಂಡು ಘಾಟಿಗಿ ಬಾ," ಎಂದೆ.

ಕೆಲಸಕ್ಕೆ ಬರುವವರೇ, ನಿಮಗೆ ಇದಿಷ್ಟೇ ಹೇಳುವುದು. ಒಂದು ಹಿಡಿತ ಬಿಟ್ಟು ಇನ್ನೊಂದು ಹಿಡಿತ ಬರುವ ತನಕ ಗಾಡಿಯ ಹತ್ತಿರ ಯಾರನ್ನೂ ಬಿಡಬೇಡಿ. ಗೌಡ ಬರಲಿ, ಸ್ವಾಮಿ ಬರಲಿ, ಹಾರ ಹಿಡಿದು ಬರಲಿ. ಪೂಜೆ ಮಾಡುವುದಾದರೆ ಸಪಾಟು ನೆಲದ ಮೇಲೆ ಮಾಡಿ. ತಡವಾಗಿ ಬಂದವರಿಗೆ ಪ್ರಸಾದ ಕೊಟ್ಟು ಕಳಿಸಿ.

ಮುಂಜಾನೆ ನಾನು ಎಲ್ಲರಿಗಿಂತ ಮೊದಲು ಘಾಟಿಗೆ ಹೋದೆ. ಚಂದ್ರಶಾ ದೋಣಿಯ ಪಟ್ಟೆ ಬಿಚ್ಚಿ ದಂಡೆಗೆ ಕಟ್ಟಿದ, ಬರೀ ಗಾಡಿಯನ್ನು ಹಗ್ಗ ಹಾಕಿ ಮೇಲೆ ಎಳೆದ, ಅರ್ಧ ಇಳಿಜಾರಿನಲ್ಲಿ ಅದೇ ಜಾಗದಲ್ಲಿ ನಿಲ್ಲಿಸಿದ. ಎರಡೂ ಕಲ್ಲು ಪಕ್ಕದಲ್ಲಿ ಇಟ್ಟಲ್ಲೇ ಇದ್ದವು, ಯಾರೋ ಕುಂಕುಮ ಹಚ್ಚಿದ್ದರು. ನಾನೇ ಉರುಳಿಸಿಕೊಂಡು ಹೋಗಿ ಗಾಲಿಗೆ ಕೊಟ್ಟೆ. ಹಗ್ಗ ಬಿಚ್ಚಿಸಿದೆ. ಸಾಹೇಬರು ಬಂದರು, ಗೌಡರು ಬಂದರು, ಊರೂ ಬಂತು.

ಸಾಹೇಬರು ಕೇಳಿದರು, "ಏನಾಯ್ತು ಆಯಿ?"

ನಾನು ಅವರಿಗೆ ಉತ್ತರ ಕೊಡಲಿಲ್ಲ. ಸೆರಗಿನಿಂದ ಎರಡು ನಿಂಬೆಹಣ್ಣು ತೆಗೆದೆ. "ಗೌಡ್ರ, ನಿನ್ನೆ ಕಸ್ತೂರಿ ನಿಂತಲ್ಲಿ ಹೋಗಿ ನಿಂದರ್ರಿ," ಎಂದೆ.

ಗೌಡರು ಎಲ್ಲರ ಮುಖ ನೋಡಿದರು. ಧೋತರ ಎತ್ತಿ ಕಟ್ಟಿ ನೀರಿಗೆ ಇಳಿದರು. ಧೈರ್ಯದ ಮನುಷ್ಯ, ಸೊಂಟದ ಮಟ್ಟ ಹೋದರು. ಗಾಡಿಗೆ ಮುಖ ಮಾಡಿ ನಿಂತರು.

"ಬೆನ್ನು ಮಾಡ್ರಿ. ಅಕಿ ಬೆನ್ನು ಮಾಡಿ ನಿಂತಿದ್ಳು."

ಬೆನ್ನು ಮಾಡಿದರು.

"ಈಗ ಕಲ್ಲು ತೆಗೆದು ಹಣ್ಣು ಇಡ್ತೇನ್ರಿ," ಎಂದು ಹೇಳಿ ಬಗ್ಗಿ ಕಲ್ಲಿಗೆ ಕೈ ಹಾಕಿದೆ. ಕಲ್ಲು ಕಾಂಕ್ರೀಟಿಗೆ ಉಜ್ಜಿ ಕಿರ್ ಎಂದಿತು, ಅಷ್ಟೇ.

ಗೌಡರು ನೀರು ಹಾರಿಸುತ್ತ ಬದಿಗೆ ಓಡಿದರು. ದಂಡೆ ಹತ್ತಿ, ಒದ್ದೆ ಧೋತರದಲ್ಲಿ ಏದುಸಿರು ಬಿಡುತ್ತ ಕೂತರು. ಯಾರೂ ನಗಲಿಲ್ಲ. ಸಾಹೇಬರು ಕಲ್ಲನ್ನು ನೋಡಿದರು, ಗಾಲಿಯನ್ನು ನೋಡಿದರು, ಗೌಡರನ್ನು ನೋಡಿದರು. ನಾನು ಕಲ್ಲು ತೆಗೆದಿರಲಿಲ್ಲ.

ಗೌಡರು ಧೋತರ ಹಿಂಡುತ್ತ, ತಲೆ ಎತ್ತದೆ ಹೇಳಿದರು. "ಚಂದ್ರಶಾ, ಹಗ್ಗ ಬಿಗದು ಗಾಡಿ ಮ್ಯಾಲ ತಗೊಳ್ಳಪ್ಪಾ. ಆ ದಂಡಿಗಿ ಜನ ಕಾಯಾಕತ್ತಾರ."

ಚಂದ್ರಶಾ ಹಗ್ಗ ಬಿಗಿದ. ನಾನು ಆ ಎರಡು ನಿಂಬೆಹಣ್ಣು ಮತ್ತೆ ಸೆರಗಿಗೆ ಕಟ್ಟಿಕೊಂಡು ಅಫಜಲಪುರದ ಬಸ್ಸು ಹತ್ತಿದೆ. ಕಸ್ತೂರಿಗೆ ಔಷಧದಿಂದ ಬಾಯಿ ಕಹಿಯಾಗಿತ್ತು. ಹಿಂಡಿ, ಸಕ್ಕರೆ ಹಾಕಿ, ಶರಬತ್ತು ಮಾಡಿ ಕುಡಿಸಿದೆ.